ತೊಂಬತ್ತೊಂದು ರಾಡಿನ ಬಂಡಲ್

ನಾನು ಕನ್ನಡ ಟೀಚರು. ವಿನೋಬನಗರದ ಒಂದು ಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸಂಧಿ, ಸಮಾಸ, ಪತ್ರಲೇಖನ ಹೇಳಿಕೊಡುತ್ತಿದ್ದೇನೆ. ಗಣಿತಕ್ಕೂ ನನಗೂ ಪಿಯುಸಿಯ ನಂತರ ಮಾತುಕತೆ ಇರಲಿಲ್ಲ. ಆದರೆ ನಮ್ಮ ಗಣಿತದ ಮೇಷ್ಟ್ರು ಮಂಡಿ ಆಪರೇಷನ್ ಮಾಡಿಸಿಕೊಂಡು ಎರಡು ತಿಂಗಳು ರಜೆ ಹಾಕಿದಾಗ, ಹೆಡ್‌ಮಿಸ್ ನನ್ನನ್ನೇ ಕರೆದರು.

"ಎಂಟನೇ ಕ್ಲಾಸಿನ ಗಣಿತ ನೀವು ತಗೊಳ್ಳಿ. ಪಿಯುಸೀಲಿ ಸೈನ್ಸ್ ಅಲ್ವಾ ನಿಮ್ದು?"

"ಮೂವತ್ತು ವರ್ಷದ ಹಿಂದೆ."

"ಲೆಕ್ಕ ಏನು ಬದಲಾಗತ್ತಾ ಮಾರಾಯ್ರೆ! ಎರಡೇ ತಿಂಗಳು."

ಲೆಕ್ಕ ಬದಲಾಗುವುದಿಲ್ಲ ಎಂಬ ಧೈರ್ಯದಲ್ಲೇ ಒಪ್ಪಿಕೊಂಡೆ. ಮೊದಲ ವಾರ ಚೆನ್ನಾಗಿಯೇ ನಡೆಯಿತು. ಎರಡನೇ ವಾರ ಅವಿಭಾಜ್ಯ ಸಂಖ್ಯೆಗಳು ಬಂದವು. ಒಂದರಿಂದ ಮತ್ತು ತನ್ನಿಂದ ಮಾತ್ರ ಭಾಗವಾಗುವ, ಬೇರೆ ಯಾವುದಕ್ಕೂ ಜಗ್ಗದ ಸಂಖ್ಯೆಗಳು. ಈ ಪಾಠ ನನಗೆ ಇಷ್ಟವೂ ಆಯಿತು. ನೂರರವರೆಗಿನ ಪಟ್ಟಿಯನ್ನು ಪುಸ್ತಕ ನೋಡದೆ ಬೋರ್ಡಿನ ಮೇಲೆ ಬರೆದೆ. ಎಂಬತ್ತಮೂರು, ಎಂಬತ್ತೊಂಬತ್ತು, ತೊಂಬತ್ತೊಂದು, ತೊಂಬತ್ತೇಳು. ಮಕ್ಕಳು ಬರೆದುಕೊಂಡರು.

ಆಮೇಲೆ ಕಿರುಪರೀಕ್ಷೆ ಕೊಟ್ಟೆ. ಅದರಲ್ಲಿ ಎರಡು ಅಂಕದ ಪ್ರಶ್ನೆ ಒಂದಿತ್ತು: ತೊಂಬತ್ತು ಮತ್ತು ನೂರರ ನಡುವಿನ ಅವಿಭಾಜ್ಯ ಸಂಖ್ಯೆಗಳನ್ನು ಬರೆಯಿರಿ. ಹೆಚ್ಚಿನವರು ನಾನು ಹೇಳಿಕೊಟ್ಟಂತೆ ತೊಂಬತ್ತೊಂದು, ತೊಂಬತ್ತೇಳು ಎಂದು ಬರೆದಿದ್ದರು. ಕೆಲವರು ತೊಂಬತ್ತಮೂರನ್ನೂ ತೂರಿಸಿದ್ದರು. ಎರಡನೇ ಬೆಂಚಿನ ಒಬ್ಬ ಹುಡುಗಿ ಮಾತ್ರ ತೊಂಬತ್ತೇಳು ಎಂದಷ್ಟೇ ಬರೆದು, ಅದರ ಕೆಳಗೆ ಗೆರೆ ಎಳೆದಿದ್ದಳು. ನಾನು ಕೆಂಪು ಪೆನ್ನಿನಲ್ಲಿ ಪಕ್ಕದಲ್ಲಿ 91 ಎಂದು ಬರೆದು, ಒಂದು ಅಂಕ ಕಳೆದೆ. ತಿದ್ದುವಾಗ ಕೈ ಒಂದಿಷ್ಟೂ ತಡೆಯಲಿಲ್ಲ ಎನ್ನುವುದು ಚೆನ್ನಾಗಿ ನೆನಪಿದೆ.

ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ಸ್ಟಾಫ್ ರೂಮಿನಲ್ಲಿ ಚೀಲ ಎತ್ತಿಕೊಳ್ಳುತ್ತಿದ್ದೆ. ಬಾಗಿಲಲ್ಲಿ ಒಬ್ಬ ಹಿರಿಯರು ಚಪ್ಪಲಿ ಕಳಚಿ ನಿಂತಿದ್ದರು. ಇಸ್ತ್ರಿ ಮಾಡಿದ ಬಿಳಿ ಷರಟು, ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಉತ್ತರ ಪತ್ರಿಕೆ.

"ಮೇಡಂ, ನಾನು ಈ ಮಗೂನ ತಾತ. ಭದ್ರಾವತಿ ಜನ್ನಾಪುರದಿಂದ ಬಂದೆ. ಜಗಳಕ್ಕೆ ಬಂದಿಲ್ಲ. ಒಂದು ಡೌಟು ಅಷ್ಟೇ."

"ಕೂತ್ಕೊಳ್ಳಿ ಯಜಮಾನ್ರೆ," ಎಂದೆ. ಕೂರಲಿಲ್ಲ. ಕಾಗದ ಬಿಡಿಸಿ ನನ್ನ ಕೆಂಪು ಶಾಯಿಯ ಮೇಲೆ ಬೆರಳಿಟ್ಟರು.

"ಈ ತೊಂಬತ್ತೊಂದು. ಇದು ಯಾಕೆ ಬರತ್ತೆ?"

"ಅದು ಅವಿಭಾಜ್ಯ ಸಂಖ್ಯೆ. ಯಾವುದರಿಂದಲೂ ಭಾಗ ಆಗಲ್ಲ."

"ಅದೇ ಮೇಡಂ ನಂಗೆ ಅರ್ಥ ಆಗ್ತಿಲ್ಲ. ನಾನು ಓದಿದ್ದು ಐಟಿಐ. ಭದ್ರಾವತಿ ಫ್ಯಾಕ್ಟರೀಲಿ ಮೂವತ್ತು ವರ್ಷ ರಾಡು ಬಂಡಲ್ ಮಾಡೋ ಕಡೆ ಇದ್ದೆ. ಬೆರಳು ದಪ್ಪದ ರಾಡು. ಒಂದು ಬಂಡಲಿಗೆ ತೊಂಬತ್ತೊಂದು. ಬಂಡಲ್ ಬಿಚ್ಚಿ ರ‍್ಯಾಕಿಗೆ ಹಾಕಿದ್ರೆ, ಸಾಲಿಗೆ ಹದಿಮೂರರ ಹಾಗೆ ಏಳು ಸಾಲು ಕೂರ್ತಿತ್ತು. ಒಂದೂ ಉಳೀತಿರಲಿಲ್ಲ. ಹಾಗಂತ ಮಗೂಗೆ ನಾನೇ ಹೇಳಿದ್ದೆ. ಈಗ ನೀವು ಹೀಗೆ ಬರೆದಿದೀರ. ನಂದೇ ತಪ್ಪಿರಬೇಕು ಅಂತ ಎರಡು ದಿನದಿಂದ ಯೋಚನೆ."

ನಾನು ನಗುತ್ತಲೇ ತಿದ್ದಲು ಹೊರಟೆ. ಎರಡರಿಂದ ಆಗುವುದಿಲ್ಲ, ಮೂರರಿಂದ ಆಗುವುದಿಲ್ಲ, ಐದರಿಂದ ಆಗುವುದಿಲ್ಲ. ಏಳರಿಂದ? ಏಳು ಹತ್ಲ ಎಪ್ಪತ್ತು. ಏಳರ ಮಗ್ಗಿ ನನ್ನಲ್ಲಿ ಅಲ್ಲಿಗೇ ಮುಗಿದಿತ್ತು. ಸರಿ, ಹದಿಮೂರರಿಂದ ನೋಡೋಣ ಎಂದು ಬಾಯಿ ತೆರೆದೆ. ನಮ್ಮಪ್ಪ ಸಂಸ್ಕೃತದ ಮೇಷ್ಟ್ರು. ದೀಪ ಹಚ್ಚುವ ಹೊತ್ತಿಗೆ ನಮ್ಮನ್ನು ಸಾಲಾಗಿ ಕೂರಿಸಿ ಇಪ್ಪತ್ತರವರೆಗೆ ಮಗ್ಗಿ ಹೇಳಿಸುತ್ತಿದ್ದರು. ಅದೇ ರಾಗದಲ್ಲಿ ಬಾಯಿ ತನ್ನಷ್ಟಕ್ಕೆ ಹೇಳಿತು: ಹದಿಮೂರೈದ್ಲ ಅರವತ್ತೈದು, ಹದಿಮೂರಾರ್ಲ ಎಪ್ಪತ್ತೆಂಟು, ಹದಿಮೂರೇಳ್ಲ ತೊಂಬತ್ತೊಂದು.

ಹೇಳಿ ನಿಂತೆ.

ನನಗೆ ಅವಮಾನಕ್ಕಿಂತ ಮೊದಲು ಬಂದದ್ದು ಗಲಿಬಿಲಿ. ಈ ಸಾಲನ್ನು ನಾನು ಬಾಲ್ಯದಲ್ಲಿ ಸಾವಿರ ಸಲವಾದರೂ ಹೇಳಿರಬೇಕು. ಹಾಗಿದ್ದೂ ತೊಂಬತ್ತೊಂದು ಭಾಗವಾಗುವುದಿಲ್ಲ ಎಂದು ಮೂವತ್ತೆಂಟು ಮಕ್ಕಳ ಮುಂದೆ ಬರೆದಿದ್ದೆ. ಬಾಯಿಗೆ ಗೊತ್ತಿದ್ದದ್ದು ತಲೆಗೆ ಯಾಕೆ ಗೊತ್ತಿರಲಿಲ್ಲ? ಎರಡೂ ಒಂದೇ ಕುತ್ತಿಗೆಯ ಮೇಲಿದ್ದು ಇಷ್ಟು ವರ್ಷ ಒಂದಕ್ಕೊಂದು ಹೇಳಿಕೊಂಡಿರಲಿಲ್ಲವೇ?

"ನಂದೇ ತಪ್ಪು. ಸೋಮವಾರ ಸರಿ ಮಾಡ್ತೀನಿ," ಎಂದೆ.

"ಮಾರ್ಕಿಗೆ ಬರಲಿಲ್ಲ ಮೇಡಂ." ಅವರಿಗೆ ಸಮಾಧಾನವಾಗಿರಬೇಕು, ಆದರೆ ಮುಖದಲ್ಲಿ ಕಾಣಲಿಲ್ಲ. "ಮಗು ಅಳಲೂ ಇಲ್ಲ. 'ಮಿಸ್ ಹೇಳಿದ್ದೇ ಸರಿ ಇರತ್ತೆ ತಾತ, ನಿನ್ನ ರಾಡಿನ ಲೆಕ್ಕಾನೇ ತಪ್ಪು' ಅಂತು. ಅದಕ್ಕೇ ಬಂದೆ. ಮೂವತ್ತು ವರ್ಷ ತಪ್ಪು ಎಣಿಸಿದ್ನಾ ಅಂತ."

ಆ ಮಾತು ಕೇಳಿ ನಾನು ಕುಳಿತುಬಿಟ್ಟೆ. ಅವರೂ ಆಗ ಕುಳಿತರು. ಹೊರಡುವ ಮುಂಚೆ, "ತೊಂಬತ್ತೊಂದು ಅಂದ್ರೆ ಸಾಮಾನ್ಯ ಅಲ್ಲ ಮೇಡಂ. ಒಂದ್ಸಲ ಮನೆಗೆ ಬನ್ನಿ, ತೋರಿಸ್ತೀನಿ. ನಂಗೂ ಅದರಲ್ಲೊಂದು ವಿಷಯ ಇವತ್ತಿಗೂ ಬಗೆಹರಿದಿಲ್ಲ," ಎಂದರು.

ರವೀಂದ್ರನಗರದ ನಮ್ಮ ಮನೆಯಲ್ಲಿ ಗಂಡನಿಗೆ ಇದನ್ನೆಲ್ಲ ಹೇಳಿದೆ. "ಮೊಬೈಲಲ್ಲಿ ಒಂದ್ಸಲ ನೋಡಬಾರದಿತ್ತಾ?" ಎಂದರು. ಅನುಮಾನವಿದ್ದದ್ದನ್ನು ನೋಡಬಹುದು. ಗೊತ್ತಿದೆ ಎಂದುಕೊಂಡದ್ದನ್ನು ಯಾರು ನೋಡುತ್ತಾರೆ? ಆ ದಿನ ಸಂಜೆ ಗೊತ್ತಿದೆ ಎಂದುಕೊಂಡಿದ್ದ ಇನ್ನೆಷ್ಟೋ ವಿಷಯಗಳನ್ನು ಮೊಬೈಲಿನಲ್ಲಿ ನೋಡುತ್ತ ಕುಳಿತೆ. ಹೆಚ್ಚಿನವು ಸರಿಯೇ ಇದ್ದವು. ಅದರಿಂದ ನೆಮ್ಮದಿಯೇನೂ ಆಗಲಿಲ್ಲ.

ಸೋಮವಾರ ತರಗತಿಯಲ್ಲಿ ಬೋರ್ಡಿನ ಮೇಲೆ ತೊಂಬತ್ತೊಂದು ಬರೆದು, ಹದಿಮೂರು ಇಂಟು ಏಳು ಎಂದು ಬಿಡಿಸಿ, "ನಾನು ತಪ್ಪು ಹೇಳಿಕೊಟ್ಟೆ," ಎಂದೆ. ಮಕ್ಕಳು ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಗಾಬರಿಯಾದರು. ತಮ್ಮ ಅಂಕ ಹೋಗುತ್ತದೆಂಬ ಗಾಬರಿ.

"ಮಿಸ್, ನೀವು ಹೇಳಿದ್ದನ್ನೇ ತಾನೇ ನಾವು ಬರೆದಿದ್ದು?" ಎಂದ ಒಬ್ಬ.

"ಹೌದು. ನಿಮ್ಮ ಅಂಕ ತೆಗೆಯಲ್ಲ."

ಎರಡನೇ ಬೆಂಚಿನ ಹುಡುಗಿಯ ಪತ್ರಿಕೆ ತೆಗೆದುಕೊಂಡು ಕಳೆದ ಅಂಕ ಕೊಟ್ಟೆ. ಅವಳು ಪತ್ರಿಕೆ ನೋಡಿದಳು, ಪಕ್ಕದವಳ ಪತ್ರಿಕೆಯನ್ನೂ ನೋಡಿದಳು. ನಿಂತುಕೊಂಡು ಕೇಳಿದಳು: "ನಂಗೂ ಎರಡು, ಇವಳಿಗೂ ಎರಡು. ಹಾಗಾದ್ರೆ ಎರಡೂ ಸರಿನಾ ಮಿಸ್?"

ಅವಳಿಗೆ ಮೂರು ಕೊಡಲು ಎರಡೇ ಅಂಕದ ಪ್ರಶ್ನೆ. ಉಳಿದವರಿಂದ ಕಳೆದರೆ ನನ್ನ ತಪ್ಪಿಗೆ ಅವರಿಗೆ ದಂಡ. ಹೆಡ್‌ಮಿಸ್ ಬಳಿ ಹೋದರೆ, "ಬಿಟ್ಟುಬಿಡಿ, ಕಿರುಪರೀಕ್ಷೆ ತಾನೇ," ಎಂದರು. ಬಿಟ್ಟೆ. ಆದರೆ ಆ ಹುಡುಗಿ ಕೇಳಿದ್ದು ಅಂಕದ ವಿಷಯವಲ್ಲ, ಸರಿಯ ವಿಷಯ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಭಾನುವಾರ ಭದ್ರಾವತಿ ಬಸ್ಸು ಹತ್ತಿದೆ. ಜನ್ನಾಪುರದಲ್ಲಿ ಹಿರಿಯರ ಮನೆ ಸುಲಭವಾಗಿ ಸಿಕ್ಕಿತು. ಮೊಮ್ಮಗಳೂ ಬಂದಿದ್ದಳು. ಟೀಚರನ್ನು ತಾತನ ಮನೆಯಲ್ಲಿ ನೋಡಿ ಮೊದಲು ಅಡುಗೆಮನೆ ಸೇರಿಕೊಂಡಳು, ಅಜ್ಜಿ ಕಾಫಿ ತಂದಾಗ ಹಿಂದೆಯೇ ಬಂದಳು. ಹಿರಿಯರು ಮಂಚದ ಕೆಳಗಿಂದ ಒಂದು ಗೋಣಿಚೀಲ ಎಳೆದರು. ಒಳಗೆ ಕರೆಂಟ್ ವೈರಿಂಗ್‌ಗೆ ಹಾಕುವ ಪ್ಲಾಸ್ಟಿಕ್ ಪೈಪಿನ ಗೇಣುದ್ದದ ತುಂಡುಗಳು. ಎಣಿಸಬೇಕಾಗಿರಲಿಲ್ಲ.

"ಮೊದಲು ಬಂಡಲ್ ನೋಡಿ," ಎಂದು ನೆಲದ ಮೇಲೆ ಕುಳಿತರು. ಒಂದು ಪೈಪು ನಡುವೆ. ಅದರ ಸುತ್ತ ಆರು, ಅದರ ಸುತ್ತ ಹನ್ನೆರಡು, ಆಮೇಲೆ ಹದಿನೆಂಟು, ಇಪ್ಪತ್ತನಾಲ್ಕು, ಮೂವತ್ತು. ಒಂದು ಸುತ್ತು ಮುಗಿದಂತೆಲ್ಲ ಸೈಕಲ್ ಟ್ಯೂಬಿನ ರಬ್ಬರು ಸುತ್ತಿ ಬಿಗಿದರು. ಕೊನೆಗೆ ಜೇನುಗೂಡಿನ ಕೋಣೆಯಂಥ ಆರು ಮೂಲೆಯ ಕಟ್ಟು ಸಿದ್ಧವಾಯಿತು. "ಹೀಗೆ ಕಟ್ಟಿದ್ರೆ ಅಲ್ಲಾಡಲ್ಲ. ಕ್ರೇನಲ್ಲಿ ಎತ್ತಿದ್ರೂ ಜಾರಲ್ಲ."

ರಬ್ಬರು ಬಿಚ್ಚಿದರು. ಎರಡು ಇಟ್ಟಿಗೆಗಳ ನಡುವೆ ಹದಿಮೂರು ಪೈಪು ಹಾಸಿದರು. ಅದರ ಮೇಲೆ ಹನ್ನೆರಡು, ಹನ್ನೊಂದು, ಹತ್ತು, ಹೀಗೆ ಇಳಿಯುತ್ತ ತುದಿಯಲ್ಲಿ ಒಂದು. ನೆಲದ ಮೇಲೆ ಬಿಡಿಯಾಗಿ ಒಂದೂ ಉಳಿದಿರಲಿಲ್ಲ. ಬಂಡಲ್ಲಿನ ಅಷ್ಟೂ ಪೈಪುಗಳು ಈಗ ಸರಿಯಾದ ತ್ರಿಕೋನವಾಗಿದ್ದವು.

"ನೋಡಿದ್ರಾ? ಬೇರೆ ಬಂಡಲ್ ಹೀಗಾಗಲ್ಲ. ಮೂವತ್ತೇಳರದ್ದು, ಅರವತ್ತೊಂದರದ್ದು, ನೂರಿಪ್ಪತ್ತೇಳರದ್ದು, ಎಲ್ಲಾ ಮಾಡಿ ನೋಡಿದೀನಿ. ಒಂದೋ ಮಿಗತ್ತೆ, ಇಲ್ಲಾ ಸಾಲಲ್ಲ. ಇದೊಂದೇ ಆರು ಮೂಲೆನೂ ಆಗತ್ತೆ, ಮೂರು ಮೂಲೆನೂ ಆಗತ್ತೆ. ಯಾಕೆ ಮೇಡಂ?"

ಅವರು ಅಷ್ಟಕ್ಕೇ ಬಿಡಲಿಲ್ಲ. ಒಂದು ಮರದ ಚೌಕಟ್ಟು ತಂದು ಅದರಲ್ಲಿ ಗೋಲಿಗಳನ್ನು ಆರಾರರ ಆರು ಸಾಲು ತುಂಬಿದರು. ಗೋಲಿಗಳ ನಡುವಿನ ಗುಳಿಗಳಲ್ಲಿ ಐದೈದರ ಐದು ಸಾಲು, ಅದರ ಮೇಲೆ ನಾಲ್ಕು ನಾಲ್ಕರದ್ದು, ಹೀಗೆ ಗೋಪುರ ಏರಿ ತುದಿಗೆ ಒಂದೇ ಗೋಲಿ ಕೂತಿತು. ಮೂವತ್ತಾರು, ಇಪ್ಪತ್ತೈದು, ಹದಿನಾರು, ಒಂಬತ್ತು, ನಾಲ್ಕು, ಒಂದು. ನಾನು ಮನಸ್ಸಿನಲ್ಲೇ ಕೂಡಿಸಿದೆ. ಮತ್ತೆ ತೊಂಬತ್ತೊಂದು. ನಂಬಿಕೆ ಬಾರದೆ ಬೆರಳು ಮಡಚಿ ಕೂಡಿಸಿದೆ. ಅಷ್ಟೇ ಬಂತು.

ಅಷ್ಟರಲ್ಲಿ ಹುಡುಗಿ ತ್ರಿಕೋನದ ಪಕ್ಕ ಕುಳಿತು ತುದಿಯ ಪೈಪನ್ನು ತೆಗೆದಿದ್ದಳು. "ತಾತ, ಇದೊಂದನ್ನ ಹನ್ನೆರಡರ ಸಾಲಿಗೆ ಸೇರಿಸಿದ್ರೆ ಹದಿಮೂರು. ಮೇಲಿನ ಎರಡನ್ನ ಹನ್ನೊಂದಕ್ಕೆ ಸೇರಿಸಿದ್ರೂ ಹದಿಮೂರು. ಮೂರನ್ನ ಹತ್ತಕ್ಕೆ." ಹೀಗೆ ಮೇಲಿನದನ್ನೆಲ್ಲ ಇಳಿಸಿ ಕೆಳಗಿನ ಸಾಲುಗಳಿಗೆ ಹಂಚಿದಳು. ಹದಿಮೂರರ ಏಳು ಸಾಲುಗಳಾದವು. ತ್ರಿಕೋನವಾಗುವ ಬಂಡಲ್ ಯಾಕೆ ರ‍್ಯಾಕಿನಲ್ಲಿ ಸರಿಯಾಗಿ ಕೂರುತ್ತಿತ್ತು ಎಂಬುದು ಕಣ್ಣೆದುರೇ ತಿಳಿಯಿತು. ಹಿರಿಯರು ಪೈಪುಗಳನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. "ಇದು ನಂಗೆ ಹೊಳೆದೇ ಇರಲಿಲ್ಲ ಕಣಮ್ಮ," ಎಂದರು.

ನನಗೂ ಖುಷಿಯಾಯಿತು. ಇದಕ್ಕೆ ಕಾರಣವಿದ್ದರೆ ಬಂಡಲ್ ತ್ರಿಕೋನವಾಗುವುದಕ್ಕೂ ಇರಲೇಬೇಕು ಅಂದುಕೊಂಡೆ. ಮೂವರೂ ಮಧ್ಯಾಹ್ನದವರೆಗೆ ಬಂಡಲ್ ಕಟ್ಟಿದೆವು, ಬಿಚ್ಚಿದೆವು. ಆರು ಮೂಲೆಯನ್ನು ಎಲ್ಲಿ ಕತ್ತರಿಸಿ ಎಲ್ಲಿಗೆ ಜೋಡಿಸಿದರೆ ಮೂರು ಮೂಲೆಯಾಗುತ್ತದೆ ಎಂದು ಹುಡುಕಿದೆವು. ಅಂಥ ದಾರಿ ಕಾಣಲಿಲ್ಲ. ಎಲ್ಲ ಕಲಸಿ ಹೊಸದಾಗಿ ಜೋಡಿಸಿದರೆ ಮಾತ್ರ ಆಗುತ್ತಿತ್ತು. ಊಟಕ್ಕೆ ಅಜ್ಜಿ ಕರೆದರೂ ಯಾರೂ ಏಳಲಿಲ್ಲ. ಕೊನೆಗೆ ಅವರೇ ಬಂದು ಪೈಪುಗಳನ್ನು ಕಾಲಿನಿಂದ ಸರಿಸಿ ಎಲೆ ಹಾಕಿದರು.

ಮುಂದಿನ ವಾರ ರಜೆಯಲ್ಲಿದ್ದ ಗಣಿತದ ಮೇಷ್ಟ್ರ ಮನೆಗೆ ಹೋದೆ. ಮಂಡಿಗೆ ಪಟ್ಟಿ ಸುತ್ತಿ, ಕಾಲು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದರು. ಬೋರ್ಡಿನ ಕಥೆ ಕೇಳಿ ನಗುತ್ತಾ ನಗುತ್ತಾ ಮಂಡಿ ನೋಯಿಸಿಕೊಂಡರು.

"ತೊಂಬತ್ತೊಂದು ಎಲ್ಲರಿಗೂ ಟೋಪಿ ಹಾಕತ್ತೆ ಮೇಡಂ. ಎರಡು, ಮೂರು, ಐದು ಯಾವುದಕ್ಕೂ ಸಿಗಲ್ಲ. ಏಳರ ಮಗ್ಗಿ ಹತ್ತಕ್ಕೆ ನಿಲ್ಲತ್ತೆ. ನಾನೂ ಒಂದು ಕಾಲದಲ್ಲಿ ಬಿದ್ದಿದೀನಿ."

ತ್ರಿಕೋನ, ಷಟ್ಕೋನ, ಗೋಪುರ ಎಲ್ಲವನ್ನೂ ಹೇಳಿದೆ. ಅವರು ಇನ್ನೊಂದು ಸೇರಿಸಿದರು. ಮೂರರ ಘನ ಇಪ್ಪತ್ತೇಳು, ನಾಲ್ಕರ ಘನ ಅರವತ್ತನಾಲ್ಕು, ಕೂಡಿಸಿದರೆ ತೊಂಬತ್ತೊಂದು. ಆರರ ಘನದಿಂದ ಐದರ ಘನ ಕಳೆದರೂ ತೊಂಬತ್ತೊಂದು. ನಾನು ತಲೆ ಹಿಡಿದುಕೊಂಡೆ.

"ಈ ಕಳೆಯೋದಕ್ಕೆ ಕಾರಣ ಇದೆ," ಎಂದು ಕಾಗದದ ಮೇಲೆ ಒಂದು ಡಬ್ಬಿ ಬರೆದರು. "ಸಣ್ಣ ಸಣ್ಣ ಸಕ್ಕರೆ ಕ್ಯೂಬು ಜೋಡಿಸಿ ಉದ್ದ, ಅಗಲ, ಎತ್ತರ ಆರಾರರ ಡಬ್ಬಿ ಮಾಡಿದೀರಿ ಅನ್ಕೊಳ್ಳಿ. ಒಂದು ಮೂಲೆಯಿಂದ ಐದೈದರ ಡಬ್ಬಿ ತೆಗೆದ್ರೆ ಮೂರು ಗೋಡೆಯ ಸಿಪ್ಪೆ ಉಳಿಯತ್ತೆ ಅಲ್ವಾ? ಆ ಸಿಪ್ಪೇನ ಮೂರು ಗೋಡೆ ಸೇರೋ ಮೂಲೆ ಕಡೆಯಿಂದ ನೋಡಿ. ಆರು ಮೂಲೆ ಕಾಣತ್ತೆ. ಅದೇ ನಿಮ್ಮ ಬಂಡಲ್."

ನೋಡಿದೆ. ನಿಜವಾಗಿಯೂ ಕಂಡಿತು. "ಹಾಗಾದ್ರೆ ತ್ರಿಕೋನ?"

"ಅದಕ್ಕೆ ಕಾರಣ ಇಲ್ಲ."

"ಇಲ್ಲ ಅಂದ್ರೆ?"

"ಸಮೀಕರಣ ಬರೀಬಹುದು, ಬಿಡಿಸಬಹುದು. ಎಂಟು ಸಾವಿರದ ಒಂಬೈನೂರ ಹನ್ನೊಂದರವರೆಗೆ ಹೋಗಿ, ಅಲ್ಲಿ ಮತ್ತೊಮ್ಮೆ ಬಂಡಲ್ ತ್ರಿಕೋನ ಆಗತ್ತೆ. ಆದ್ರೆ ಆ ಗೋಪುರ ಅಲ್ಲಿ ಆಗಲ್ಲ. ಇದೆಲ್ಲ ಕಾಕತಾಳೀಯ ಮೇಡಂ. ಸಣ್ಣ ಸಂಖ್ಯೆಗಳು ಇರೋದೇ ಕೆಲವು, ಕೆಲಸ ನೋಡಿದ್ರೆ ರಾಶಿ. ಒಂದೊಂದಕ್ಕೆ ನಾಲ್ಕು ಡ್ಯೂಟಿ ಬೀಳತ್ತೆ. ನಮ್ಮ ಶಾಲೇಲಿ ಜನ ಸಾಲದೆ ಕನ್ನಡದ ಮೇಡಂ ಗಣಿತ ತಗೊಳ್ಳಲಿಲ್ವಾ, ಹಾಗೆ."

ಕಾಕತಾಳೀಯ ಎಂಬ ಪದವನ್ನು ನಾನು ಎಷ್ಟೋ ತರಗತಿಗಳಿಗೆ ವಿವರಿಸಿದ್ದೇನೆ. ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋಯಿತು ಎಂಬ ಅರ್ಥ. ಹೇಳಿಕೊಡುವಾಗ ಅದರಲ್ಲಿ ಕಷ್ಟವೇನೂ ಇರಲಿಲ್ಲ. ಅಂದು ಮಾತ್ರ ಅದು ಅರ್ಥವೇ ಆಗದ ಪದವಾಯಿತು. ಕಾಗೆ ಬೇರೆ ಕಡೆ ಕೂರಬಹುದಿತ್ತು, ಹಣ್ಣು ನಾಳೆ ಬೀಳಬಹುದಿತ್ತು. ಆದರೆ ತೊಂಬತ್ತೊಂದು ಯಾವತ್ತು ತಾನೇ ತ್ರಿಕೋನವಾಗದೆ ಇರಲು ಸಾಧ್ಯವಿತ್ತು? ಎಂದೂ ತಪ್ಪದೇ ಆಗುವುದನ್ನು ಆಕಸ್ಮಿಕ ಎನ್ನುವುದು ಹೇಗೆ? ಇದನ್ನೇ ಮೇಷ್ಟ್ರನ್ನು ಕೇಳಿದೆ. ಅವರು ಪೆನ್ನು ಕೆಳಗಿಟ್ಟು, "ನೀವು ಏನು ಕೇಳ್ತಿದೀರಿ ಅಂತಲೇ ಈಗ ನಂಗೆ ಗೊತ್ತಾಗ್ತಿಲ್ಲ," ಎಂದರು. ನನಗೂ ಪೂರ್ತಿ ಗೊತ್ತಿರಲಿಲ್ಲ.

ಎರಡು ತಿಂಗಳು ಕಳೆದು ಮೇಷ್ಟ್ರು ಊರುಗೋಲು ಹಿಡಿದು ಶಾಲೆಗೆ ಮರಳಿದರು. ನಾನು ಸಂಧಿ ಸಮಾಸಗಳಿಗೆ ಮರಳಿದೆ. ಆದರೆ ಮೊದಲಿನ ಹಾಗಲ್ಲ. ಒಂದು ಪದದ ಅರ್ಥ ಹೇಳುವಾಗಲೂ ನಾಲಿಗೆ ತಡೆಯುತ್ತಿತ್ತು. ನಿಘಂಟು ನೋಡಿ ಬರುತ್ತೇನೆ ಎಂದು ಸ್ಟಾಫ್ ರೂಮಿಗೆ ಹೋಗಿಬರುವುದು ಹೆಚ್ಚಾಯಿತು. ಮಕ್ಕಳು ಮೊದಮೊದಲು ಬೇಜಾರು ಮಾಡಿಕೊಂಡರು. ಆಮೇಲೆ ನನಗಿಂತ ಮೊದಲೇ ಅವರೇ ನಿಘಂಟು ತಂದು ಮೇಜಿನ ಮೇಲಿಡತೊಡಗಿದರು.

ಆ ವರ್ಷ ಶಾಲೆಯಲ್ಲಿ ಗಣಿತದ ಪ್ರದರ್ಶನ ಇಟ್ಟಾಗ ಹಿರಿಯರನ್ನು ಕರೆಸಿದೆ. ಗೋಣಿಚೀಲ ಹೊತ್ತುಕೊಂಡೇ ಬಂದರು. ಮಕ್ಕಳ ನಡುವೆ ಕುಳಿತು ಬಂಡಲ್ ಕಟ್ಟಿದರು. ಮೊಮ್ಮಗಳು ಪಕ್ಕದಲ್ಲಿ ನಿಂತು ತ್ರಿಕೋನವನ್ನು ಹದಿಮೂರರ ಸಾಲುಗಳಾಗಿಸುವುದನ್ನು ತೋರಿಸಿದಳು. "ನಮ್ಮ ತಾತಂದು" ಎಂದು ಎಲ್ಲರಿಗೂ ಹೇಳುತ್ತಿದ್ದಳು, ಪೈಪನ್ನೋ ಲೆಕ್ಕವನ್ನೋ ತಿಳಿಯಲಿಲ್ಲ. ಎಲ್ಲ ಮುಗಿದ ಮೇಲೆ ಮೇಷ್ಟ್ರಿಗೆ ಹಿರಿಯರನ್ನು ಪರಿಚಯಿಸಿದೆ.

"ಎಂಟು ಸಾವಿರದ ಒಂಬೈನೂರ ಹನ್ನೊಂದಂತೆ, ಮೇಡಂ ಹೇಳಿದ್ರು," ಎಂದರು ಹಿರಿಯರು. "ಅಷ್ಟು ರಾಡು ಒಂದೇ ಸಲಕ್ಕೆ ಯಾವ ಕ್ರೇನೂ ಎತ್ತಲ್ಲ ಸಾರ್. ಅದಿರ್ಲಿ, ಕಾರಣ ಇಲ್ಲ ಅಂದ್ರಂತೆ. ಕಬ್ಬಿಣ ಅಲ್ವಾ ಸಾರ್, ಕಾರಣ ಇಲ್ಲದೆ ಬಗ್ಗಲ್ಲ."

"ಯಜಮಾನ್ರೆ, ಇದು ಕಬ್ಬಿಣದ್ದಲ್ಲ, ಸಂಖ್ಯೆದು."

"ಸಂಖ್ಯೆ ಕಬ್ಬಿಣಕ್ಕಿಂತ ಗಟ್ಟಿ ಅಲ್ವಾ?"

ಇಬ್ಬರೂ ಕಾರಿಡಾರಿನ ಬೆಂಚಿನ ಮೇಲೆ ಕುಳಿತರು. ನಾನು ನಡುವೆ ಕುಳಿತೆ. ಮೇಷ್ಟ್ರು ಮಾತಾಡುವಾಗ, ನಿಜ, ಎಲ್ಲಕ್ಕೂ ಕಾರಣ ಹುಡುಕುವುದು ಮನುಷ್ಯನ ಚಟ ಅನ್ನಿಸುತ್ತಿತ್ತು. ಹಿರಿಯರು ಮಾತಾಡುವಾಗ, ನಿಜ, ಕಾರಣ ನಮಗೆ ಸಿಕ್ಕಿಲ್ಲವೆಂದರೆ ಇಲ್ಲವೆಂದೇನಲ್ಲ ಅನ್ನಿಸುತ್ತಿತ್ತು. ಕೊನೆಯಲ್ಲಿ ಮಾತಾಡಿದವರ ಕಡೆಗೆ ನಾನು ವಾಲುತ್ತಿದ್ದೆ. ಅರ್ಧ ಗಂಟೆಯಲ್ಲಿ ಎಂಟು ಹತ್ತು ಸಲ ಪಕ್ಷ ಬದಲಿಸಿದೆ. ಕಡೆಗೆ ಮೇಷ್ಟ್ರೇ, "ಒಂದ್ಸಲ ನಿಮ್ಮ ಮನೆಗೆ ಬರ್ತೀನಿ. ಆ ಗೋಲಿ ಗೋಪುರ ನೋಡಬೇಕು," ಎಂದರು. ಹಿರಿಯರು ತಕ್ಷಣ ದಿನ ಗೊತ್ತುಮಾಡಿದರು.

ಈಗ ತಿಂಗಳಿಗೊಂದು ಭಾನುವಾರ ಮೇಷ್ಟ್ರು ಜನ್ನಾಪುರಕ್ಕೆ ಹೋಗುತ್ತಾರೆ. ಕೆಲವು ಸಲ ನಾನೂ ಹೋಗುತ್ತೇನೆ. ಅಜ್ಜಿ ಈಗೀಗ ಹೊತ್ತಿಗೆ ಮೊದಲೇ ಎಲೆ ಹಾಕಿಬಿಡುತ್ತಾರೆ. ಕಾರಣದ ವಿಷಯದಲ್ಲಿ ಮೇಷ್ಟ್ರೂ ಹಿರಿಯರೂ ಒಪ್ಪಿಕೊಂಡದ್ದನ್ನು ನಾನು ಇನ್ನೂ ಕೇಳಿಲ್ಲ. ಹುಡುಗಿ ಒಂಬತ್ತನೇ ಕ್ಲಾಸಿಗೆ ಬಂದಿದ್ದಾಳೆ. ಮೊನ್ನೆ ವ್ಯಾಕರಣದ ತರಗತಿಯಲ್ಲಿ ಒಂದು ಸಂಧಿಯನ್ನು ಬಿಡಿಸಿ ಬರೆದೆ. ಅವಳು ಎದ್ದು, "ಮಿಸ್, ಇದನ್ನ ಹೀಗೂ ಬಿಡಿಸಬಹುದಲ್ವಾ?" ಎಂದಳು. ನೋಡಿದೆ. ಬಿಡಿಸಬಹುದು ಅನ್ನಿಸಿತು, ಬಿಡಿಸಬಾರದು ಎಂದೂ ಅನ್ನಿಸಿತು. "ಗೊತ್ತಿಲ್ಲ, ನೋಡ್ಕೊಂಡು ನಾಳೆ ಹೇಳ್ತೀನಿ," ಎಂದೆ. ಅವಳು ತಲೆಯಾಡಿಸಿ ಕುಳಿತು, ಎರಡನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊಂಡಳು.